ಚಳಿಗಾಲದಲ್ಲಿ ಗಿರಿರಾಜ ಕೋಳಿಮರಿ ಸಾಕುವುದು: ನನ್ನ ಅನುಭವ

ಯುಗಾದಿ ಮಾರನೆಯ ದಿನ ಹೊಸತೊಡಕು. ಆ ದಿನಕ್ಕೆ ಕೋಳಿ ಬೇಕು ಅಂತ ನಮ್ಮ ಸಕಲೇಶಪುರದ ಕಡೆ ಕೇಳಿಕೊಂಡು ಬರುವವರು ಜಾಸ್ತಿ. ಗಿರಿರಾಜ ತಳಿಯ ಕೋಳಿ ಒಳ್ಳೆ ತೂಕ ಬರಲು ಮೂರು ತಿಂಗಳಾದರೂ ಬೇಕು, ಹಾಗಾಗಿ ಡಿಸೆಂಬರ್‌ನಲ್ಲೇ ಮರಿ ತರಬೇಕು. ಆಗ ನಮ್ಮಲ್ಲಿ ಬೆಳಗಿನ ಜಾವ 13-14 ಡಿಗ್ರಿಗೆ ಇಳಿಯುವುದುಂಟು. ಬಿಸಿಲು ಏರುವವರೆಗೂ ಮಂಜು ಬೇರೆ. ಈ ಚಳಿಯಲ್ಲಿ ಮರಿ ಬೇಡ ಅಂತ ಹೇಳುವವರಿದ್ದಾರೆ. ನಾನು ಪ್ರತಿ ವರ್ಷ ಇದೇ ಹೊತ್ತಿಗೆ ಐವತ್ತರಷ್ಟು ಮರಿ ತರುತ್ತೇನೆ. ಮರಿಗೆ ಚಳಿಗಿಂತ ತೇವವೇ ಜಾಸ್ತಿ ಅಪಾಯ ಅನ್ನೋದು ನಾನು ಕಂಡುಕೊಂಡಿದ್ದು.

ನಾಟಿ ಹೇಂಟೆಯಾದರೆ ತಾನೇ ಕಾವಿಗೆ ಕೂತು, ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಬೆಳೆಸುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿಯಲ್ಲಿ ಕಾವಿಗೆ ಕೂರುವ ಗುಣ ತೀರಾ ಕಡಿಮೆ. ಒಂದು ದಿನದ ಮರಿ ತಂದಮೇಲೆ ಶಾಖ ಕೊಡುವ ಕೆಲಸ ನಮ್ಮದೇ.

ನಾನು ಮರಿ ಇಡುವುದು ಬಚ್ಚಲುಮನೆಗೆ ಅಂಟಿಕೊಂಡ ಕೋಣೆಯಲ್ಲಿ. ಹಂಡೆ ಒಲೆ ಉರಿಯುವುದರಿಂದ ಆ ಗೋಡೆ ಯಾವಾಗಲೂ ಬೆಚ್ಚಗಿರುತ್ತದೆ. ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಸುತ್ತಿ ನಿಲ್ಲಿಸುತ್ತೇನೆ. ಚೌಕಾಕಾರ ಮಾಡಿದರೆ ಮರಿಗಳು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತವೆ. ಕೆಳಗೆ ಎರಡು ಇಂಚು ಭತ್ತದ ಉಮಿ. ಮೊದಲ ಎರಡು ಮೂರು ದಿನ ಅದರ ಮೇಲೆ ಪೇಪರ್ ಹಾಸುತ್ತೇನೆ, ಇಲ್ಲದಿದ್ದರೆ ಉಮಿಯನ್ನೇ ತಿಂದುಬಿಡುತ್ತವೆ. ನುಣುಪಾದ ಪೇಪರ್ ಬೇಡ, ಕಾಲು ಜಾರಿ ಸೊಟ್ಟಗಾಗುತ್ತದೆ.

ಒಂದು ಮರಿಗೆ 2 ವ್ಯಾಟ್ ಲೆಕ್ಕ. ನೂರು ವ್ಯಾಟ್‌ನ ಒಂದೇ ಬಲ್ಬ್ ಬದಲು 60 ವ್ಯಾಟ್‌ನ ಎರಡು ಹಾಕುತ್ತೇನೆ. ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದಲ್ವಾ? ಹಳೇ ತಂತಿ ಬಲ್ಬೇ ಬೇಕು, ಎಲ್‌ಇಡಿಯಿಂದ ಬೆಳಕು ಬಂದೀತು, ಶಾಖ ಬರುವುದಿಲ್ಲ. ಕರೆಂಟ್ ಹೋದಾಗ ಕೆಲವರು ಕೋಣೆಯೊಳಗೆ ಇದ್ದಿಲ ಕೆಂಡ ಇಡುತ್ತಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ಮರಿಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ. ನಾನು ಬಾಟಲಿಗಳಿಗೆ ಹಂಡೆಯ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮರಿಗಳ ನಡುವೆ ಇಡುತ್ತೇನೆ.

ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರ್ ಇಟ್ಟಿದ್ದೇನೆ, ಆದರೆ ನಂಬುವುದು ಮರಿಗಳನ್ನು. ಬಲ್ಬ್ ಕೆಳಗೆ ಗುಂಪುಗಟ್ಟಿ ಚೀಂಗುಟ್ಟುತ್ತಿದ್ದರೆ ಚಳಿ. ಅಂಚಿಗೆ ಹೋಗಿ ಬಾಯಿ ತೆರೆದುಕೊಂಡಿದ್ದರೆ ಸೆಕೆ. ಎಲ್ಲ ಒಂದೇ ಬದಿಗೆ ಸೇರಿದ್ದರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ ಅಂತ ಅರ್ಥ.

ಚಳಿ ಅಂತ ಕಿಟಕಿಯನ್ನು ಪೂರ್ತಿ ಮುಚ್ಚಬಾರದು. ಹಿಕ್ಕೆಯ ತೇವ ಹೊರಗೆ ಹೋಗದೆ ಘಾಟು ಕಟ್ಟುತ್ತದೆ, ಮರಿಗಳ ಕಣ್ಣು, ಮೂಗು ಕೆಡುತ್ತವೆ. ನಾನು ಕೆಳಗೆ ಗೋಣಿ ಕಟ್ಟಿ ಮೇಲಿನ ಅರ್ಧ ಅಡಿ ತೆರೆದಿಡುತ್ತೇನೆ. ದಿನಾ ಉಮಿ ಕೆದಕಿ, ನೀರಿನ ಡಬ್ಬಿಯ ಸುತ್ತ ಒದ್ದೆಯಾಗಿದ್ದನ್ನು ತೆಗೆದು ಒಣಗಿದ್ದು ಹಾಕುತ್ತೇನೆ. ಈ ಕೆಲಸ ಒಂದು ದಿನವೂ ತಪ್ಪಿಸುವಂತಿಲ್ಲ. ಮೂರು ವಾರ ದಾಟಿದ ಮರಿಗೆ ರಕ್ತಭೇದಿ ಬರುವುದು ಒದ್ದೆ ಉಮಿಯಿಂದಲೇ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಔಷಧಿ ಶುರು ಮಾಡಬೇಕು.

ಹೊರಗೆ ಬಿಡುವ ತಯಾರಿ ಒಳಗೇ ಶುರುವಾಗುತ್ತದೆ. ಮೂರನೇ ವಾರದ ಕೊನೆಗೆ, ಬಿಸಿಲಿದ್ದ ಹಗಲು ಬಲ್ಬ್ ಆರಿಸುತ್ತೇನೆ. ನಾಲ್ಕನೇ ವಾರ ರಾತ್ರಿ ಒಂದೇ ಬಲ್ಬ್. ಐದನೇ ವಾರ ಅದೂ ಇಲ್ಲ. ಬಲ್ಬ್ ಇಲ್ಲದ ರಾತ್ರಿಯಲ್ಲೂ ಗುಪ್ಪೆ ಬೀಳದೆ ಹರಡಿಕೊಂಡು ಮಲಗಿದರೆ ಸರಿ. ಜೊತೆಗೆ ಪುಕ್ಕ ನೋಡಬೇಕು. ರೆಕ್ಕೆ, ಬಾಲ ಬೇಗ ಬಂದುಬಿಡುತ್ತವೆ. ಮರಿಯನ್ನು ಎತ್ತಿ ಬೆನ್ನು, ಕುತ್ತಿಗೆ, ಎದೆ ನೋಡಿ. ಅಲ್ಲಿ ಇನ್ನೂ ಎಳೆ ತುಪ್ಪಳವೇ ಇದ್ದರೆ ವಯಸ್ಸು ಎಷ್ಟಾದರೂ ತಡೆಯಬೇಕು. ಬೇಸಿಗೆಯಲ್ಲಿ ನಾಲ್ಕೂವರೆ ವಾರಕ್ಕೇ ಬಿಡುತ್ತೇನೆ, ಚಳಿಯಲ್ಲಿ ಆರು ವಾರ ಕಾಯುತ್ತೇನೆ.

ಮೊದಲು ಹಗಲಷ್ಟೇ. ತೋಟದ ಹುಲ್ಲಿನ ಇಬ್ಬನಿ ಆರಲು ಹತ್ತು ಗಂಟೆಯಾಗುತ್ತದೆ. ಅದಕ್ಕೆ ಮೊದಲು ಬಿಟ್ಟರೆ ಹೊಟ್ಟೆ ನೆನೆಯುತ್ತದೆ. ನೆನೆದ ಪುಕ್ಕ ಇದ್ದೂ ಇಲ್ಲದ ಹಾಗೆ. ಕಣದ ಬಿಸಿಲಲ್ಲಿ ಬಲೆ ಕಟ್ಟಿ, ಹದ್ದು, ಕಾಗೆ ಇಳಿಯದಂತೆ ಮೇಲೂ ಮುಚ್ಚಿ ಬಿಡುತ್ತೇನೆ. ನಾಲ್ಕು ಗಂಟೆಗೆ ವಾಪಸ್. ಗೆದ್ದಲು ಹತ್ತಿದ ಸೌದೆ ತುಂಡು ಹಾಕಿದರೆ ಕೆದಕಿ ತಿನ್ನುವುದನ್ನು ಬೇಗ ಕಲಿಯುತ್ತವೆ. ಆ ಗಡಿಬಿಡಿ ನೋಡುವುದೇ ನನಗೊಂದು ಖುಷಿ.

ವಾರ ಕಳೆದಮೇಲೆ ರಾತ್ರಿಯೂ ಹೊರಗಿನ ಗೂಡಿಗೆ. ಮೋಡ ಕವಿದ ದಿನ ಸಾಗಿಸುವುದಿಲ್ಲ. ಗೂಡು ನೆಲದಿಂದ ಎರಡಡಿ ಎತ್ತರದಲ್ಲಿದೆ, ಬಾಗಿಲು ಪೂರ್ವಕ್ಕೆ. ಗಾಳಿ ಬೀಸುವ ಬದಿಗೆ ಗೋಣಿ, ಮಾಡಿನ ಕೆಳಗೆ ಗಾಳಿಯಾಡಲು ಸಂದಿ. ಮುಂಗುಸಿ ನುಸುಳದಂತೆ ಅರ್ಧ ಇಂಚಿನ ಜಾಲರಿ. ಹೊಸ ಜಾಗದಲ್ಲಿ ಮೂಲೆಗೆ ಸೇರಿ ಒತ್ತಿಕೊಳ್ಳುತ್ತವೆ, ಅದಕ್ಕೆ ಮೂಲೆಗಳಿಗೆ ಒಣಹುಲ್ಲು ತುರುಕಿ ದುಂಡಗೆ ಮಾಡುತ್ತೇನೆ. ಸಂಜೆ ಜೋಳದ ನುಚ್ಚು ಸ್ವಲ್ಪ ಜಾಸ್ತಿ. ಹೊಟ್ಟೆ ತುಂಬಿದ ಮರಿ ಚಳಿ ತಡೆಯುತ್ತದೆ.

ಲಸಿಕೆ ಮರೆಯಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರ ಕಣ್ಣಿಗೆ ಹನಿ, ಎರಡನೇ ವಾರ ಗುಂಬೊರೊ ಅನ್ನೋ ಇನ್ನೊಂದು ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಕೊಕ್ಕರೆ ರೋಗದ್ದು. ಹೊರಗೆ ಹೋದಮೇಲೆ, ಎಂಟು ವಾರ ತುಂಬಿದಾಗ, ಅದೇ ಕೊಕ್ಕರೆ ರೋಗಕ್ಕೆ ಆರ್‌ಟುಬಿ ಅನ್ನೋ ಚುಚ್ಚುಮದ್ದು. ಲಸಿಕೆಯ ಚಿಕ್ಕ ಸೀಸೆಯಲ್ಲೇ ನೂರು ಡೋಸ್ ಇರುತ್ತದೆ, ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಐಸ್ ಹಾಕಿದ ಫ್ಲಾಸ್ಕ್‌ನಲ್ಲಿ ತಂದು, ಒಂದೇ ಸಂಜೆ ಎಲ್ಲರ ಕೋಳಿಗೂ ಹಾಕಿಸುತ್ತೇವೆ.