ರಂಗೋಲಿ ಪುಡಿಯಲ್ಲಿ ಕೆರೆಯ ಹೂಳು ಅಳೆದ ಹನ್ನೊಂದು ವರ್ಷ

2024ರ ಮೇ ತಿಂಗಳಲ್ಲಿ, ಬತ್ತಿದ ಕೆರೆಯ ಅಂಗಳದಲ್ಲಿ ಗುದ್ದಲಿ ಏಟಿಗೆ ಕಪ್ಪು ಗೋಡಿನ ಹೆಂಟೆ ಸೀಳಿಕೊಂಡಾಗ, ಒಂದು ಗೇಣು ಕೆಳಗೆ ಬಿಳಿ ಗೆರೆ ಕಾಣಿಸಿತು. ಕಿರುಬೆರಳಿನಷ್ಟು ದಪ್ಪ, ಅಲ್ಲಲ್ಲಿ ಸ್ವಲ್ಪ ಅಂಕುಡೊಂಕು. 2013ರ ಬೇಸಿಗೆಯಲ್ಲಿ ನಾನೇ ಹಾಸಿದ್ದ ರಂಗೋಲಿ ಪುಡಿ ಅದು. ಅಂದು ಏರಿಯ ಮೇಲೆ ನಿಂತು, "ನಮ್ಮ ಸಂಘದ ಕಾರ್ಯದರ್ಶಿ ಗಂಗಮ್ಮನಿಗೆ ರಂಗೋಲಿ ಬಿಡುತ್ತಿದ್ದಾನೆ" ಎಂದು ನಕ್ಕವರಲ್ಲಿ ಇಬ್ಬರು ಈ ಸಲ ನನಗೆ ಗುದ್ದಲಿ ಹಿಡಿದುಕೊಟ್ಟರು. ಹನ್ನೊಂದು ವರ್ಷ ಕಾದದ್ದಕ್ಕೆ ನನಗೆ ಅಷ್ಟು ಸಾಕಾಗಿತ್ತು.

ನಮ್ಮದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಸಾಧಾರಣ ಕೆರೆ. ಅಂಗಳ 60 ಎಕರೆ, ಎರಡು ತೂಬು, ಒಂದು ಕೋಡಿ. ಕೋಡಿ ಹರಿದರೆ ನೀರು ಪಾಲಾರಿಗೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಕಡೆಗೆ ತಿರುಗಿಲ್ಲ, ಹಾಗಾಗಿ ಮಳೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಅದೇ ನನಗೆ ಅನುಕೂಲವಾಯಿತು. ವರ್ಷವಿಡೀ ತುಂಬಿರುವ ಕೆರೆಯಲ್ಲಿ ಈ ಕೆಲಸ ಮಾಡಲಾಗದು.

ಹೂಳು ಎಂದರೆ ನಮ್ಮಲ್ಲಿ ಎಲ್ಲರೂ ಬರುವುದನ್ನು ಮಾತ್ರ ಹೇಳುತ್ತಾರೆ. ಹೋಗುವುದನ್ನು ಯಾರೂ ಬರೆದಿಡುವುದಿಲ್ಲ. ಹಿಪ್ಪುನೇರಳೆ ತೋಟಕ್ಕೆ ಹೋದ ಗೋಡು, ಇಟ್ಟಿಗೆ ಗೂಡಿಗೆ ಹೋದ ಜೇಡಿ, ಹೂಳೆತ್ತುವ ಗುತ್ತಿಗೆಯಲ್ಲಿ ಹೋದದ್ದು, ಹೋಗಿದೆ ಎಂದು ಬಿಲ್ಲಿನಲ್ಲಿ ಮಾತ್ರ ಬರೆದದ್ದು, ಎಲ್ಲವೂ ಖರ್ಚಿನ ಕಡೆಯ ಲೆಕ್ಕ. ಜಮೆ ಖರ್ಚು ಎರಡೂ ಗೊತ್ತಾಗಬೇಕು ಎಂಬುದು ನನ್ನ ಹಟ. ಖಾಸಗಿ ಸರ್ವೆಯವರನ್ನು ಕೇಳಿದೆ, ಸುಮಾರು ಒಂದೂ ಮುಕ್ಕಾಲು ಲಕ್ಷ ಎಂದರು. ಅದೂ ಒಂದು ಸಲ ಅಳೆಯಲು. ಸಂಘದ ಖಾತೆಯಲ್ಲಿ ಆಗ 11,000 ರೂಪಾಯಿ ಇತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಕಬ್ಬಿಣದ ಸರಳು ಕತ್ತರಿಸಿ 40 ಗೂಟ ನೆಟ್ಟೆ. ಐದು ಸಾವಿರಕ್ಕೂ ಮೇಲೆ ಖರ್ಚಾಯಿತು. ಎಂಟು ದಿನದೊಳಗೆ 31 ಗೂಟ ಗುಜರಿ ಸೇರಿದವು. ಉಳಿದವಕ್ಕೆ ಎಮ್ಮೆ ಕಟ್ಟಿದ್ದರು. ಮರದ ಗೂಟ ನೆಟ್ಟರೆ ಒಲೆಗೆ ಹೋಯಿತು. ಅಂಗಳದಲ್ಲಿ ಕಣ್ಣಿಗೆ ಕಾಣುವ ಯಾವ ವಸ್ತುವೂ ಉಳಿಯುವುದಿಲ್ಲ ಎಂಬುದನ್ನು ಆರು ಸಾವಿರ ಕೊಟ್ಟು ಕಲಿತೆ.

ಆಗ ನೆನಪಾದವನು ಕುಮಟಾ ಕಡೆಯ ಗೆಳೆಯ. ಅವನು ಅಘನಾಶಿನಿ ಅಳಿವೆಯಲ್ಲಿ ಕೆಸರು ಅಳೆಯುವವನು. ಅಲ್ಲಿ ಉಬ್ಬರ ದಿನಕ್ಕೆ ಎರಡು ಸಲ ಬಂದು ಮಣ್ಣು ಹಾಕುತ್ತದೆ, ಇಳಿತ ಎರಡು ಸಲ ಹೊತ್ತೊಯ್ಯುತ್ತದೆ. ಉಪ್ಪು ನೀರು ತಾಳುವ ಕಗ್ಗ ಭತ್ತ ಬೆಳೆಯುವ ಅಳಿವೆಯಂಚಿನ ಗದ್ದೆಯಲ್ಲಿ, ಅಂದರೆ ಗಜನಿಯಲ್ಲಿ, ಎಷ್ಟು ಉಳಿಯಿತು, ಕಡಲಿಗೆ ಎಷ್ಟು ಹೋಯಿತು ಎಂಬುದೇ ಅವನ ತಲೆನೋವು. ಕೆಸರಿನ ಮೇಲೆ ಬಿಳಿ ಕಲ್ಲಿನ ಪುಡಿ ಹಾಸಿ, ವರ್ಷ ಬಿಟ್ಟು ಕೊಯ್ದು ನೋಡುತ್ತೇವೆ, ಗೆರೆಯ ಮೇಲೆ ಇರುವುದೆಲ್ಲ ಹೊಸ ಮಣ್ಣು ಎಂದ. ಹೂತು ಹೋಗುವ ಗುರುತನ್ನು ಯಾರು ಕದಿಯುತ್ತಾರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಪುಡಿಯಲ್ಲೂ ಎಡವಿದೆ. ಸುಣ್ಣ ಹಾಸಿ ನೋಡಿದೆ, ಒಂದೇ ಮಳೆಗಾಲದಲ್ಲಿ ಕರಗಿ ಮಣ್ಣಿನೊಳಗೆ ಮಾಯವಾಯಿತು. ಇಟ್ಟಿಗೆ ಪುಡಿ ಹಾಕಿದೆ. ನಮ್ಮ ಕೆಂಪು ನೆಲದಿಂದ ಕೊಚ್ಚಿ ಬರುವ ಮೊದಲ ಮಳೆಯ ಕೆಸರೇ ಕೆಂಪು, ಯಾವುದು ನನ್ನದು ಯಾವುದು ಮಳೆಯದು ಎಂದು ಗುರುತು ಸಿಗಲಿಲ್ಲ. ಕೊನೆಗೆ ಒರಟು ರಂಗೋಲಿ ಪುಡಿ. ಬಣ್ಣದ್ದಲ್ಲ, ನಯವಾದದ್ದೂ ಅಲ್ಲ. ಒಂದು ಮೀಟರ್ ಚೌಕಕ್ಕೆ ಒಂದು ಸೆಂಟಿಮೀಟರ್ ದಪ್ಪ ಹಾಸಲು 14 ಕಿಲೋ ಬೇಕಾಗುತ್ತದೆ. 24 ಚೌಕಕ್ಕೆ ಸುಮಾರು 340 ಕಿಲೋ. ಸಗಟು ದರದಲ್ಲಿ ಮೂರು ಸಾವಿರದ ಒಳಗೇ ಮುಗಿಯಿತು.

ಹಾಸುವ ಹೊತ್ತೇ ಮುಖ್ಯ. ಒಣಗಿ ಬಿರಿದ ಅಂಗಳದ ಮೇಲೆ ಹಾಸಿದರೆ ಪುಡಿ ಬಿರುಕಿನೊಳಗೆ ಇಳಿದು ಗೆರೆಯ ಬದಲು ಬೇರು ಬಿಟ್ಟಂತೆ ಕಾಣುತ್ತದೆ. ಈ 24ಕ್ಕೂ ಮೊದಲು ಹಾಸಿದ್ದ ಆರು ಚೌಕ ಹಾಗೆಯೇ ಹಾಳಾದವು. ಒಂದು ಹದ ಮಳೆ ಬಿದ್ದು ಬಿರುಕು ಮುಚ್ಚಿರಬೇಕು, ಕೆರೆಗೆ ನೀರು ತರುವ ಕಾಲುವೆಯಲ್ಲಿ ನೀರು ಇನ್ನೂ ಬಂದಿರಬಾರದು. ಆ ನಾಲ್ಕೈದು ದಿನದಲ್ಲಿ ಕೆಲಸ ಮುಗಿಸಬೇಕು.

ಜಾಗ ಮತ್ತೆ ಹುಡುಕುವುದು ಇನ್ನೊಂದು ಕಷ್ಟ. ದೊಡ್ಡ ತೂಬಿನ ಕಲ್ಲು ಮತ್ತು ಏರಿ ಮೇಲಿನ ವೀರಗಲ್ಲು, ಈ ಎರಡರಿಂದ ಹಗ್ಗ ಹಿಡಿದು ಪ್ರತಿ ಚೌಕದ ದೂರ ಬರೆದುಕೊಂಡಿದ್ದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ ಎಂಬುದು ಹೊಳೆದದ್ದು ಆಮೇಲೆ. ಐದು ಚೌಕ ಇವತ್ತಿಗೂ ಸಿಕ್ಕಿಲ್ಲ. ನಾಲ್ಕನ್ನು ದನ ತುಳಿದು ಕಲಸಿದ್ದವು. ಓದಲು ಬಂದದ್ದು 15. ಈಗ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಬಳಸುತ್ತೇನೆ.

ಖರ್ಚಿನ ಕಡೆಗೆ ಬರುತ್ತೇನೆ. ಅಂಗಳದಿಂದ ಟ್ರ್ಯಾಕ್ಟರ್ ಹೊರಬರುವ ದಾರಿ ಒಂದೇ, ಏರಿಯ ಕೊನೆಯ ಟೀ ಅಂಗಡಿ ಪಕ್ಕ. ಅಂಗಡಿಯ ಅಮ್ಮನಿಗೆ ಬೇಸಿಗೆಯ ತಿಂಗಳುಗಳಲ್ಲಿ ತಲಾ 300 ರೂಪಾಯಿ ಕೊಟ್ಟು, ಲೋಡಿಗೊಂದು ಹುಣಸೆ ಬೀಜವನ್ನು ಬಿಸ್ಕತ್ತು ಡಬ್ಬಕ್ಕೆ ಹಾಕಲು ಹೇಳಿದೆ. ಚೀಟಿ ಪುಸ್ತಕಕ್ಕಿಂತ ಇದು ಸಾವಿರ ಪಾಲು ನಂಬಿಕೆಯದು. 2016ರಲ್ಲಿ ಮಾತ್ರ ಅವರ ಮೊಮ್ಮಕ್ಕಳು ಡಬ್ಬ ಬೋರಲು ಹಾಕಿ ಬೀಜವನ್ನೆಲ್ಲ ಚೌಕಾಬಾರ ಆಡಲು ಒಯ್ದರು. ಆ ವರ್ಷದ್ದು ಟ್ರ್ಯಾಕ್ಟರಿನವರನ್ನು ಕೇಳಿ ಅಂದಾಜು ಮಾಡಿದೆ. ಹನ್ನೊಂದು ವರ್ಷದಲ್ಲಿ ಒಟ್ಟು 9,400 ಲೋಡು, ನೂರು ಇನ್ನೂರು ಹೆಚ್ಚು ಕಡಿಮೆ ಇರಬಹುದು.

ಮೂರನೆಯದು ಡಂಪಿ ಲೆವೆಲ್, ನೆಲದ ಏರುತಗ್ಗು ಅಳೆಯುವ ಸರ್ವೆ ಉಪಕರಣ. ಬಾಡಿಗೆ ದಿನಕ್ಕೆ 800. ತೂಬಿನ ಕಲ್ಲನ್ನು ಆಧಾರವಾಗಿಟ್ಟು 2013ರಲ್ಲಿ 60 ಕಡೆ, 2024ರಲ್ಲಿ ಅದೇ 60 ಕಡೆ. ಇದರಲ್ಲೂ ಒಂದು ಪಾಠ ಸಿಕ್ಕಿತು. ಒಂದು ವರ್ಷ ಫೆಬ್ರವರಿಯಲ್ಲಿ ಅಳೆದು, ಸಂಶಯ ಬಂದು ಏಪ್ರಿಲ್‌ನಲ್ಲಿ ಮತ್ತೆ ಅಳೆದೆ. ಒಂದು ಬುಟ್ಟಿ ಮಣ್ಣೂ ಹೋಗದೆ ಕೆರೆ ತಾನಾಗಿ ಇಳಿದಿತ್ತು! ಹಸಿ ಜೇಡಿ ಉಬ್ಬಿರುತ್ತದೆ, ಒಣಗಿದರೆ ಕುಗ್ಗುತ್ತದೆ. ಅಳೆಯುವುದಾದರೆ ಪೂರ್ತಿ ಒಣಗಿದ ಮೇಲೆಯೇ.

ಈಗ ಲೆಕ್ಕ. ಕಾಲುವೆ ಬಾಯಿಯ ಹತ್ತು ಎಕರೆಯಲ್ಲಿ ಗೆರೆಯ ಮೇಲೆ ಸರಾಸರಿ 38 ಸೆಂಟಿಮೀಟರ್ ಹೂಳು. ನಡುವಿನ 35 ಎಕರೆಯಲ್ಲಿ ಹನ್ನೊಂದೋ ಹನ್ನೆರಡೋ. ಏರಿ ಬುಡದ 15 ಎಕರೆಯಲ್ಲಿ 20. ಇಡೀ ಕೆರೆಗೆ ಹಂಚಿದರೆ 18 ಸೆಂಟಿಮೀಟರ್ ಜಮೆ. ನಮ್ಮ ಕೆರೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ 2,400 ಘನ ಮೀಟರ್ ಚಿಲ್ಲರೆ. ಲೋಡಿಗೆ ನೂರು ಘನ ಅಡಿ ಹಿಡಿದರೆ ಖರ್ಚು 11 ಸೆಂಟಿಮೀಟರ್, ಉಳಿಯಬೇಕಾದದ್ದು 7. ಆದರೆ ಡಂಪಿ ಲೆವೆಲ್ ಹೇಳಿದ್ದು 10.

ಮೂರು ಸೆಂಟಿಮೀಟರ್ ಎಂದರೆ ಏಳು ಸಾವಿರ ಘನ ಮೀಟರ್. ಎಲ್ಲಿಂದ ಬಂತು? ಹುಣಸೆ ಬೀಜದ ಮೇಲೆ ಅನುಮಾನ ಬಂದು ಟೀ ಅಂಗಡಿಯ ಅಮ್ಮನ ಜೊತೆ ಮಾತು ಕೆಟ್ಟಿತು. ಹತ್ತು ದಿನ ಬೇರೆ ಕಡೆ ಟೀ ಕುಡಿದೆ. ಕೊನೆಗೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂದು ಅಡಿ ಆಳ ಗುರುತು ಹಾಕಿ ತೋಡಿಸಿ, ಟ್ರ್ಯಾಕ್ಟರಿಗೆ ತುಂಬಿಸಿದೆ. ಒಂದು ಲೋಡು ತುಂಬಿ, ಕಾಲು ಲೋಡಿಗಿಂತ ಸ್ವಲ್ಪ ಹೆಚ್ಚು ನೆಲದಲ್ಲೇ ಉಳಿಯಿತು. ಅಗೆದ ಮಣ್ಣು ಹಿಗ್ಗುತ್ತದೆ, ಮನೆ ಪಾಯ ತೋಡಿಸಿದ ಯಾರಿಗಾದರೂ ಗೊತ್ತಿರುವ ಸಂಗತಿ, ನನಗೆ ಹೊಳೆದಿರಲಿಲ್ಲ. ಅದನ್ನು ಕಳೆದರೆ ಖರ್ಚು ಎಂಟೂವರೆ, ಉಳಿತಾಯ ಒಂಬತ್ತೂವರೆ. ಲೆವೆಲ್‌ಗೆ ಅರ್ಧ ಸೆಂಟಿಮೀಟರ್ ಮಾತ್ರ ವ್ಯತ್ಯಾಸ. ಆ ಅರ್ಧ, ಗೋಡು ತೋಡಿದ ಗುಂಡಿಗಳಲ್ಲಿ ನಿಂತ ಹೂಳು ಎಂದು ನನ್ನ ವಾದ. 2020ರಲ್ಲಿ ತೋಡಿದ ಮೂರಡಿ ಗುಂಡಿಯೊಂದು 2021ರ ನವೆಂಬರ್ ಮಳೆಯ ನಂತರ ಅರ್ಧ ತುಂಬಿದ್ದನ್ನು ಕಣ್ಣಾರೆ ನೋಡಿದ್ದೇನೆ. ಟೀ ಅಂಗಡಿಗೆ ಹೋಗಿ ತಪ್ಪಾಯಿತು ಎಂದೆ. ಅಮ್ಮ ಹಳೆಯ ಬಾಕಿ 140 ರೂಪಾಯಿ ಕೇಳಿದರು.

2019ರಲ್ಲಿ ಇನ್ನೊಂದು ಗೆರೆ ಹಾಸಿದ್ದೆ. ಅದು ಮೊದಲನೆಯದಕ್ಕಿಂತ ಬೇರೆಯಾಗಿ ಕಾಣಲು ಪುಡಿಗೆ ಏನು ಬೆರೆಸಿದೆ ಎಂದು ಇಲ್ಲಿ ಹೇಳುವುದಿಲ್ಲ, ಕೆರೆಗೆ ಬಂದರೆ ತೋರಿಸುತ್ತೇನೆ. 18ರಲ್ಲಿ ಸುಮಾರು 11 ಸೆಂಟಿಮೀಟರ್ ಆ ಎರಡನೇ ಗೆರೆಯ ಮೇಲಿದೆ. ಅದರಲ್ಲಿ ಬಹುಪಾಲು 2021 ಮತ್ತು 2022, ಎರಡೇ ವರ್ಷದ ಮಳೆಯದು. ವರ್ಷಕ್ಕಿಷ್ಟು ಹೂಳು ಎಂದು ಭಾಗಿಸಿ ಬರೆಯುವ ವರದಿಗಳನ್ನು ನಾನು ಈಗ ಓದುವುದಿಲ್ಲ.

ಒಂದು ಹುಚ್ಚನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಕೆರೆ ಬತ್ತಲೇ ಇಲ್ಲ. ಕಾಯಲಾರದೆ ಗೆಳೆಯನಿಗೆ ಫೋನು ಮಾಡಿದೆ. ಅಳಿವೆಯ ಹಸಿ ಕೆಸರಿಗೆ ಲೋಹದ ಕೊಳವೆ ಇಳಿಸಿ ದ್ರವ ಸಾರಜನಕ ಸುರಿದರೆ ಕೆಸರು ಕೊಳವೆಗೆ ಹೆಪ್ಪುಗಟ್ಟಿ ಬರುತ್ತದೆ ಎಂದ. ಹಾಲಿನ ಜಿಲ್ಲೆಯಲ್ಲಿ ಅದಕ್ಕೇನು ಬರ? ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಜಾಡಿಯಲ್ಲಿ ಇರುವುದು ಅದೇ. ದುಡ್ಡು ಕೊಟ್ಟು ಐದು ಲೀಟರ್ ತರಿಸಿದೆ. ಹರಿಗೋಲಿನಿಂದ ಎದೆಮಟ್ಟದ ನೀರಿನಲ್ಲಿ ಮಾಡಿದ್ದಕ್ಕೆ ಸಿಕ್ಕಿದ್ದು ದೊಡ್ಡ ಐಸ್‌ಕ್ಯಾಂಡಿ, ಕೆಸರಿಲ್ಲ. ದಡದ ಪಾದ ಮುಳುಗುವ ಕೆಸರಿನಲ್ಲಿ ಮಾತ್ರ ಕೊಳವೆಯ ಸುತ್ತ ಕಪ್ಪು ದಿಂಡು, ನಡುವೆ ಬಿಳಿ ಉಂಗುರ ಎದ್ದು ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ಗುದ್ದಲಿಯೇ ಅಗ್ಗ.

ಗೆರೆಯಿಂದ ಇನ್ನೊಂದು ಉಪಕಾರವಾಯಿತು. ನಡುವೆ ಒಮ್ಮೆ ಬಂದಿದ್ದ ಗುತ್ತಿಗೆದಾರರೊಬ್ಬರು ಅಂಗಳದ ನಡುಭಾಗದಲ್ಲಿ ಎರಡಡಿ ಹೂಳೆತ್ತಿದ್ದಾಗಿ ಬರೆಸಿದ್ದರು. ಅದೇ ಜಾಗದ ಮೂರು ಚೌಕದಲ್ಲೂ 2013ರ ಗೆರೆ ಅಲುಗಾಡದೆ ಕುಳಿತಿತ್ತು. ಸಭೆಯಲ್ಲಿ ಹೆಂಟೆಯನ್ನೇ ಮೇಜಿನ ಮೇಲಿಟ್ಟೆ. ಅಲ್ಲಿಂದ ಮುಂದಿನದು ಪಂಚಾಯಿತಿಯ ವಿಷಯ.

ಆದರೆ ನನಗೆ ನಿದ್ದೆ ಕೆಡಿಸಿರುವುದು ಬೇರೆ. ರೈತರು ಒಯ್ಯುವುದು ಏರಿ ಬುಡದ ನಯವಾದ ಜೇಡಿ. ಕಾಲುವೆ ಬಾಯಿಯಲ್ಲಿ ಬೀಳುವುದು ಮರಳು ಮಿಶ್ರಿತ ಒರಟು, ಅದನ್ನು ತೋಟಕ್ಕೆ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ. ಸರಾಸರಿಯಲ್ಲಿ ಹತ್ತು ಸೆಂಟಿಮೀಟರ್ ಏರಿದ ಕೆರೆ, ಬಾಯಿಯಲ್ಲಿ ಒಂದಡಿಗೂ ಮೀರಿ ಏರಿದೆ. ಅಲ್ಲಿ ಜಾಲಿ ಬೆಳೆದಿದೆ, ಜಾಲಿ ಬುಡದಲ್ಲಿ ಇನ್ನಷ್ಟು ಹೂಳು ನಿಲ್ಲುತ್ತಿದೆ. ಜಾಲಿಯೊಳಗೆ ಎರಡು, ಬಯಲಿನಲ್ಲಿ ಎರಡು ಚೌಕ ಹೊಸದಾಗಿ ಹಾಸಿದ್ದೇನೆ. ಹಾಸುವಾಗ ತೂಬು ತೆರೆದು ಗದ್ದೆಗೆ ನೀರು ಬಿಡುವ ನಮ್ಮ ನೀರಗಂಟಿ ಪಕ್ಕದಲ್ಲೇ ಕುಳಿತು ಬೀಡಿ ಸೇದುತ್ತಿದ್ದ. ಇದನ್ನು ತೆಗೆಯುವ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ, ತೂಬಿನಿಂದ ಎಷ್ಟು ದೂರ ಎಂದು ತನ್ನ ಮಗನಿಗೂ ಒಂದು ಚೀಟಿ ಬರೆದುಕೊಡು ಎಂದ. ಬರೆದುಕೊಟ್ಟೆ.