ಚೀನೀ ಮೂಕಿ ಚಿತ್ರ, ಜೊತೆಗೊಂದು ಉಪನ್ಯಾಸ: ಕಾಲೇಜಿನಲ್ಲಿ ಏರ್ಪಡಿಸುವ ಬಗೆ

ಶಂಕರಘಟ್ಟದಲ್ಲೋ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲೋ ಚೀನಾದ ಇತಿಹಾಸದ ಬಗ್ಗೆ ಮೊದಲ ಸಲ ಕಾರ್ಯಕ್ರಮ ಮಾಡುವವರು 1934ರ ‘ದಿ ಗಾಡೆಸ್’ ಚಿತ್ರವನ್ನು ಆರಿಸಿಕೊಳ್ಳಿ. ವು ಯೊಂಗ್‌ಗಾಂಗ್ ನಿರ್ದೇಶನ, ರುವಾನ್ ಲಿಂಗ್‌ಯು ಅಭಿನಯ. ಶಾಂಘೈ ಬೀದಿಯಲ್ಲಿ ಮೈಮಾರಿಕೊಂಡು ಮಗನನ್ನು ಓದಿಸುವ ತಾಯಿಯ ಕಥೆ. ಮೂಕಿ ಆದ್ದರಿಂದ ಓದಬೇಕಾದ ಬರಹ ಕಡಿಮೆ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಬಡಿಯುವಾಗಲೂ ತೋರಿಸಬಹುದು. ಮಾತಿನ ಚಿತ್ರವಾದರೆ ಒಂದಕ್ಷರವೂ ಕೇಳದು.

ಉಪನ್ಯಾಸ ಚಿತ್ರಕ್ಕೆ ಮೊದಲೇ ಇರಲಿ, 20 ನಿಮಿಷ ಸಾಕು. ಸಾವಿರಾರು ವರ್ಷಗಳ ನಾಗರಿಕತೆಯನ್ನೆಲ್ಲ ಹೇಳಹೊರಟರೆ ಶಾಂಘೈಗೆ ಬರುವಷ್ಟರಲ್ಲಿ ಸಭೆ ಆಕಳಿಸುತ್ತಿರುತ್ತದೆ. ಅಫೀಮಿನಿಂದಲೇ ಶುರು ಮಾಡಲು ಹೇಳಿ: ಬ್ರಿಟಿಷರ ಕಾಲದಲ್ಲಿ ನಮ್ಮ ಬಿಹಾರ, ಮಾಳವಗಳಲ್ಲಿ ಬೆಳೆದ ಅಫೀಮು ಚೀನಾಕ್ಕೆ ಹೋಯಿತು, ಅದರಿಂದಾಗಿ 1839ರಲ್ಲಿ ಬ್ರಿಟನ್‌ಗೂ ಚೀನಾಕ್ಕೂ ಯುದ್ಧವಾಯಿತು, ಅದನ್ನು ಮುಗಿಸಿದ 1842ರ ನಾನ್‌ಜಿಂಗ್ ಒಪ್ಪಂದ ಶಾಂಘೈ ಸೇರಿ ಐದು ಬಂದರುಗಳನ್ನು ಬ್ರಿಟಿಷರ ವ್ಯಾಪಾರಕ್ಕೆ ತೆರೆಯಿತು. ಶಾಂಘೈನ ವಿದೇಶಿ ವಸಾಹತಿನಲ್ಲಿ ಸಿಖ್ ಪೊಲೀಸರೂ ಇದ್ದರು. ಇಷ್ಟು ತಿಳಿದವರಿಗೆ ಪರದೆಯ ಮೇಲಿನ ಬೀದಿ ಪರಕೀಯ ಅನ್ನಿಸುವುದಿಲ್ಲ.

ಹೆಚ್ಚು ಎಡವುವುದು ಕನ್ನಡ ಅಡಿಬರಹದಲ್ಲಿ (ಸಬ್‌ಟೈಟಲ್). ಫೈಲನ್ನು ಯುಟಿಎಫ್-8ರಲ್ಲೇ (ಕನ್ನಡವೂ ಸೇರಿ ಎಲ್ಲ ಲಿಪಿಗಳ ಅಕ್ಷರ ಉಳಿಸುವ ಸಂಕೇತ ಕ್ರಮ) ಉಳಿಸಿ, ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಆರಿಸಿ. ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಕಾಣುತ್ತವೆ, ಒತ್ತಕ್ಷರ ಒಡೆಯುತ್ತದೆ. ಒಮ್ಮೆಗೆ ಎರಡು ಸಾಲು ಮೀರಬಾರದು. ಚಿತ್ರದ ಫೈಲು ಸೆಕೆಂಡಿಗೆ 25 ಫ್ರೇಮಿನದಾಗಿದ್ದು (ಫ್ರೇಮ್ ಅಂದರೆ ಒಂದು ಬಿಡಿಚಿತ್ರ) ಅಡಿಬರಹ 24ಕ್ಕೆ ಹೊಂದಿಸಿದ್ದಾದರೆ, ಒಂದು ಗಂಟೆಯ ಹೊತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ಆರಂಭದಲ್ಲಿ ಇದು ಗೊತ್ತಾಗುವುದಿಲ್ಲ, ಆದ್ದರಿಂದ ಕೊನೆಯ ಹತ್ತು ನಿಮಿಷ ಓಡಿಸಿಯೇ ಪರೀಕ್ಷಿಸಿ. ಸಮತಟ್ಟು ಸಭಾಂಗಣದಲ್ಲಿ ಪರದೆಯ ಕೆಳಅಂಚು ನೆಲದಿಂದ ನಾಲ್ಕಡಿ ಮೇಲಿರಲಿ, ಮುಂದಿನವರ ತಲೆ ಅಕ್ಷರ ಮುಚ್ಚಬಾರದು.

ಪ್ರೊಜೆಕ್ಟರನ್ನು ಯುಪಿಎಸ್‌ಗೆ ಜೋಡಿಸಿ. ಕರೆಂಟು ಹೋಗಿ ಬಂದರೆ ಬಿಸಿಯಾದ ಲ್ಯಾಂಪ್ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ.

ಮುಂದೆ ಹೊಸ ಚಿತ್ರ ತೋರಿಸುವಾಗ ಹಕ್ಕಿನ ವಿಷಯ ನೆನಪಿಡಿ. ಕಾಲೇಜಿನ ಚಟುವಟಿಕೆಯಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಕಾಲೇಜಿನ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಇವರಿಗಷ್ಟೇ ತೋರಿಸಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಪೋಸ್ಟರಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಹಾಕಿದರೆ ಆ ವಿನಾಯಿತಿ ಸಿಗದು, ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು.

ಮಧ್ಯಾಹ್ನ 2ಕ್ಕೆ ಶುರು ಮಾಡಿದರೆ ತೀರ್ಥಹಳ್ಳಿ, ಹೊಸನಗರದ ಮಕ್ಕಳಿಗೂ ಬಸ್ಸು ತಪ್ಪುವುದಿಲ್ಲ, ಚರ್ಚೆಗೆ ಅರ್ಧ ಗಂಟೆ ಉಳಿಯುತ್ತದೆ. ‘ಹೇಗಿತ್ತು’ ಎಂದು ಕೇಳಬೇಡಿ. ಆ ತಾಯಿಯ ಮಗನನ್ನು ಶಾಲೆಯಿಂದ ಹೊರಹಾಕುವುದನ್ನು ಮುಖ್ಯೋಪಾಧ್ಯಾಯರು ವಿರೋಧಿಸುವ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಆಮೇಲೆ ಮೈಕನ್ನು ಹಿಂದಿನ ಬೆಂಚಿನಿಂದ ಕೊಡುತ್ತ ಬನ್ನಿ.