ಕೊಲಾಜೆನ್ ವಿಧಗಳನ್ನು ಅಂಗಾಂಶಕ್ಕೂ ಕಾಯಿಲೆಗೂ ಜೋಡಿಸಿ ಓದುವ ಕ್ರಮ

ವೈದ್ಯಕೀಯ ಓದಿಗೆ ಹೊಸದಾಗಿ ಬಂದವರು, ದೇಹದ ಅಂಗಾಂಶಗಳನ್ನು ಹಿಡಿದಿಡುವ ಪ್ರೋಟೀನ್ ಆದ ಕೊಲಾಜೆನ್‌ನ 28 ವಿಧಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಟು ಐದನೆಯದಕ್ಕೇ ದಣಿಯುತ್ತಾರೆ. ಆ ಅಂಕಿಗಳು ಹೆಚ್ಚುಕಡಿಮೆ ಪತ್ತೆಯಾದ ಸರದಿಯನ್ನು ಸೂಚಿಸುತ್ತವೆಯೇ ಹೊರತು ಕೆಲಸವನ್ನಲ್ಲ. ಆದುದರಿಂದ ಅಂಕಿಯನ್ನು ಕೊನೆಗಿಟ್ಟುಕೊಂಡು, ಅಂಗಾಂಶ ಯಾವುದು, ಅಲ್ಲಿ ಕೊಲಾಜೆನ್ ಹಗ್ಗವಾಗಿದೆಯೋ ಬಲೆಯಾಗಿದೆಯೋ ಗೂಟವಾಗಿದೆಯೋ, ತಯಾರಿಯ ಯಾವ ಹಂತ ಕೆಟ್ಟಿದೆ ಎಂದು ಇದೇ ಕ್ರಮದಲ್ಲಿ ಕೇಳಿಕೊಳ್ಳುತ್ತ ಹೋಗಬೇಕು.

ಮೊದಲು ಅಣುವಿನ ರೂಪ ಮನಸ್ಸಿನಲ್ಲಿ ನಿಲ್ಲಲಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್ ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಗೋಪಿನಾಥ್ ಕರ್ತಾ ಅವರೊಂದಿಗೆ 1954ರಲ್ಲಿ ಮಂಡಿಸಿ, ಮರುವರ್ಷ ತಿದ್ದಿದ ಮಾದರಿಯಂತೆ, ಇದು ಮೂರು ಎಳೆಗಳನ್ನು ಹೊಸೆದ ಹುರಿ. ಪ್ರತಿ ಎಳೆಯಲ್ಲಿಯೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರಲೇಬೇಕು, ಏಕೆಂದರೆ ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕ ಅಮೈನೋ ಆಮ್ಲ ಅದೊಂದೇ.

ಇದರ ಫಲವನ್ನು ಕಾಣಲು ಕಾಗದ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿ. ಮೂಳೆ, ಚರ್ಮ, ಸ್ನಾಯುರಜ್ಜುಗಳಲ್ಲಿರುವ 1ನೇ ವಿಧದ ಅಣುವಿಗೆ ಎರಡು ಆಲ್ಫಾ-1 ಎಳೆ, ಒಂದು ಆಲ್ಫಾ-2 ಎಳೆ ಬೇಕು. ತಂದೆಯಿಂದಲೋ ತಾಯಿಯಿಂದಲೋ ಬಂದ ಆಲ್ಫಾ-1 ಜೀನ್‌ನ ಒಂದು ಪ್ರತಿಯಲ್ಲಿ ಗ್ಲೈಸೀನ್ ಬದಲು ಬೇರೆ ಅಮೈನೋ ಆಮ್ಲ ಕುಳಿತಿದ್ದರೆ, ಎರಡೂ ಎಳೆಗಳು ಸರಿಯಾಗಿರುವ ಅಣು ನಾಲ್ಕರಲ್ಲಿ ಒಂದು ಮಾತ್ರ. ಉಳಿದ ಮೂರರಲ್ಲಿ ದೋಷ ಸೇರಿಕೊಳ್ಳುತ್ತದೆ. ಅದೇ ಪ್ರತಿ ಎಳೆಯನ್ನು ತಯಾರಿಸದೆ ಪೂರ್ತಿ ಮೌನವಾಗಿದ್ದರೆ ಅಣುಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ಆದರೆ ತಯಾರಾದದ್ದೆಲ್ಲ ಗಟ್ಟಿಯಾಗಿರುತ್ತದೆ. ಎಲುಬು ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಜೀನ್ ಮೌನವಾಗಿದ್ದವರಲ್ಲಿ ಕಣ್ಣಿನ ಬಿಳಿಭಾಗ ನೀಲಿಯಾಗಿ, ಕಾಯಿಲೆ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ, ಗ್ಲೈಸೀನ್ ಬದಲಾದವರಲ್ಲಿ ಹಲವು ಸಲ ಅತಿ ತೀವ್ರವಾಗಿ, ಶಿಶು ಹುಟ್ಟುವಾಗಲೇ ಮೂಳೆ ಮುರಿದಿರುವುದೂ ಉಂಟು. ಇಲ್ಲದ ಕೊಲಾಜೆನ್‌ಗಿಂತ ಕೆಟ್ಟ ಕೊಲಾಜೆನ್ ಹೆಚ್ಚು ಹಾನಿ ಮಾಡುತ್ತದೆ ಎಂಬ ಈ ಒಂದು ವಿಷಯವನ್ನು ಅರಿತರೆ ಪಟ್ಟಿಯ ಅರ್ಧ ಭಾರ ಇಳಿದಂತೆ ಎಂದು ನನ್ನ ಅಭಿಪ್ರಾಯ.

ಇನ್ನು ಹಗ್ಗ, ಬಲೆ, ಗೂಟಗಳ ವಿಂಗಡಣೆ. 1, 2, 3, 5, 11ನೇ ವಿಧಗಳು ಹಗ್ಗದ ಕುಲಕ್ಕೆ ಸೇರಿದವು. ಮೃದ್ವಸ್ಥಿಯಲ್ಲಿ 2ನೆಯದು, ರಕ್ತನಾಳ, ಕರುಳು, ಗರ್ಭಕೋಶಗಳಂಥ ಹಿಗ್ಗುವ ಅಂಗಗಳಲ್ಲಿ 3ನೆಯದು ಹೇರಳ. ಆದ್ದರಿಂದಲೇ 3ನೆಯದರ ಜೀನ್ ಕೆಟ್ಟ ಏಲರ್ಸ್-ಡ್ಯಾನ್ಲೋಸ್ ರೋಗದ ರಕ್ತನಾಳ ಬಗೆಯಲ್ಲಿ ಅಪಧಮನಿಯೋ ಕರುಳೋ, ಬಸುರಿಯರಲ್ಲಿ ಗರ್ಭಕೋಶವೋ ಹಠಾತ್ತನೆ ಹರಿಯುವ ಭಯವಿದೆ. ಗಾಯ ಮಾಯುವಾಗಲೂ ಮೊದಲು ಹರಡುವುದು 3ನೆಯದು, ನಿಧಾನವಾಗಿ ಆ ಜಾಗಕ್ಕೆ 1ನೆಯದು ಬರುತ್ತದೆ. 7ನೆಯದು ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಬಿಗಿಯುವ ಗೂಟ. ಅದು ಸಡಿಲವಾದರೆ ಸ್ವಲ್ಪ ಉಜ್ಜಿದರೂ ಬೊಕ್ಕೆ ಏಳುತ್ತದೆ.

4ನೆಯದು ಬಲೆ, ಅದರ ಬಳಿ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕು. ಅಂಗಗಳ ತಳಪೊರೆಯನ್ನು ಕಟ್ಟುವ ಇದರ ಆಲ್ಫಾ-3, 4, 5 ಎಳೆಗಳು ಮೂತ್ರಪಿಂಡದ ಸೋಸುಪೊರೆ, ಒಳಗಿವಿ, ಕಣ್ಣುಗಳಲ್ಲಿ ಸೇರಿರುವುದರಿಂದ, ಈ ಎಳೆಗಳ ಜೀನ್ ಕೆಟ್ಟ ಆಲ್‌ಪೋರ್ಟ್ ಸಿಂಡ್ರೋಮ್‌ನಲ್ಲಿ ಮೂತ್ರದಲ್ಲಿ ರಕ್ತವೂ ಕಿವುಡುತನವೂ ಜೊತೆಯಾಗಿ ಕಾಣುತ್ತವೆ. ಗುಡ್‌ಪಾಶ್ಚರ್ ಕಾಯಿಲೆಯಲ್ಲಾದರೋ ಎಳೆ ಸರಿಯಾಗಿಯೇ ಇದೆ, ದೇಹವೇ ಆಲ್ಫಾ-3ರ ವಿರುದ್ಧ ಪ್ರತಿಕಾಯ ಹೂಡಿ ಮೂತ್ರಪಿಂಡವನ್ನೂ ಶ್ವಾಸಕೋಶವನ್ನೂ ಹೊಡೆಯುತ್ತದೆ. ಇವೆರಡೂ ಒಂದೇ ಕಡೆ ಸೇರುವ ವಿಚಿತ್ರ ಪ್ರಸಂಗವೊಂದಿದೆ: ಆಲ್‌ಪೋರ್ಟ್ ರೋಗಿಗೆ ಆರೋಗ್ಯವಂತರ ಮೂತ್ರಪಿಂಡ ಕಸಿಮಾಡಿದಾಗ, ಹುಟ್ಟಿನಿಂದ ಕಂಡಿರದ ಆ ಎಳೆಯನ್ನು ದೇಹ ಪರಕೀಯವೆಂದು ಬಗೆದು, ಕೆಲವರಲ್ಲಿ ಗುಡ್‌ಪಾಶ್ಚರ್ ಮಾದರಿಯ ದಾಳಿಯನ್ನೇ ನಡೆಸುತ್ತದೆ.

ಒಂದೇ ವಿಧಕ್ಕೆ ಸೀಮಿತವಲ್ಲದ ಲಕ್ಷಣಗಳು ಕಂಡರೆ ಜೀನ್‌ಗಳನ್ನು ಬಿಟ್ಟು ತಯಾರಿಯ ಹಂತವನ್ನು ಅನುಮಾನಿಸಿ. ಎಳೆಯಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಹೈಡ್ರಾಕ್ಸಿಲ್ ಗುಂಪು ಅಂಟಿಸುವ ಕಿಣ್ವಕ್ಕೆ ಕಬ್ಬಿಣ ಮತ್ತು ವಿಟಮಿನ್ ಸಿ ಬೇಕು; ಆ ಗುಂಪಿಲ್ಲದ ಹುರಿ ದೇಹದ ಬಿಸಿಯಲ್ಲಿ ಬಿಚ್ಚಿಕೊಳ್ಳುತ್ತದೆ. ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿಯಲ್ಲಿ ಒಸಡಿನಿಂದ ರಕ್ತ ಒಸರುವುದೂ ಹಳೆಯ ಗಾಯಗಳು ಮತ್ತೆ ಬಾಯ್ಬಿಡುವುದೂ ಇದರಿಂದ. ಹೊಸೆದ ಹುರಿಗಳನ್ನು ಒಂದಕ್ಕೊಂದು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ತಾಮ್ರ ಬೇಕು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಿ: ಈ ಕಿಣ್ವವನ್ನು ತಡೆದು ಮೂಳೆಯನ್ನು ವಿಕಾರಗೊಳಿಸುವ ವಿಷ ಇರುವುದು ಸಿಹಿಬಟಾಣಿ ಹೂವಿನ ಗಿಡದ ಬೀಜದಲ್ಲಿ, ನಮಗೆ ಹೆಸರು ಕೇಳಿ ಗೊತ್ತಿರುವ ಕೇಸರಿ ಬೇಳೆ ಕಾಲುಗಳ ಬಲ ಕುಂದಿಸುವುದು ನರಗಳನ್ನು ಕೆಡಿಸಿ, ಕೊಲಾಜೆನ್ ಅನ್ನು ಕೆಡಿಸಿ ಅಲ್ಲ.

ಕೊಲಾಜೆನ್ ಪುಡಿಯ ಡಬ್ಬಿಗಳ ಮೇಲಿನ ವಿಧದ ಅಂಕಿಗಳಿಗೂ ಈ ಓದಿಗೂ ಹೆಚ್ಚಿನ ಸಂಬಂಧವಿಲ್ಲ. ನುಂಗಿದ ಕೊಲಾಜೆನ್ ಅಮೈನೋ ಆಮ್ಲಗಳಾಗಿ, ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಯಾವ ವಿಧವನ್ನು ಎಲ್ಲಿ ನೇಯಬೇಕೆಂಬುದನ್ನು ತಿಂದ ಡಬ್ಬಿ ಗೊತ್ತುಮಾಡುವುದಿಲ್ಲ, ಆಯಾ ಜೀವಕೋಶ ಗೊತ್ತುಮಾಡುತ್ತದೆ.

ಕ್ರಮ ಕೈಹತ್ತಿತೇ ಎಂದು ನೋಡಲು ಒಂದು ಉದಾಹರಣೆ. ಮಗುವಿಗೆ ಸೀಳಂಗುಳ, ಹೆಚ್ಚು ಪವರಿನ ಸಮೀಪದೃಷ್ಟಿ, ಕಳಚಿದ ಅಕ್ಷಿಪಟಲ, ಚಿಕ್ಕ ವಯಸ್ಸಿಗೇ ಕೀಲುನೋವು. ಕೀಲಿನ ಮೃದ್ವಸ್ಥಿಯೂ ಕಣ್ಣಿನೊಳಗಿನ ಗಾಜಿನಂಥ ದ್ರವ್ಯವೂ ಹಂಚಿಕೊಂಡಿರುವ ಹಗ್ಗ ಯಾವುದೆಂದು ಕೇಳಿದರೆ 2ನೇ ವಿಧ ಸಿಗುತ್ತದೆ, ರೋಗ ಸ್ಟಿಕ್ಲರ್ ಸಿಂಡ್ರೋಮ್. ಆ ಜೀನ್ ಸರಿಯಾಗಿದ್ದರೆ 11ನೆಯದನ್ನು ಪರೀಕ್ಷಿಸಬೇಕು, ಏಕೆಂದರೆ 2ನೆಯದರ ಹಗ್ಗದ ತಿರುಳಿನಲ್ಲಿ ಕುಳಿತು ಅದರ ದಪ್ಪವನ್ನು ಹದದಲ್ಲಿಡುವುದು ಅದೇ.